ಹಡಗಿನವರ ಬಸ್ಸು ಹತ್ತಿದ ಅಪ್ಪ

ಅಮ್ಮಾ,

ಈ ಕಾಗದ ಅಪ್ಪನ ಮೇಲೆ ದೂರು ಹೇಳುವುದಕ್ಕೆ. ನಿನಗಲ್ಲದೆ ಇನ್ನಾರಿಗೆ ಹೇಳಲಿ?

ನೀನು ಹೋದ ಮೂರು ತಿಂಗಳಿಗೆ ಅವರನ್ನು ಮೈಸೂರಿನಿಂದ ಮಸ್ಕತ್ತಿಗೆ ಕರೆಸಿಕೊಂಡೆವು. ಅಲ್ ಖುವೈರಿನ ನಮ್ಮ ಫ್ಲ್ಯಾಟಿನ ಕಿಟಕಿಯಲ್ಲಿ ಕೂತು ಹೆದ್ದಾರಿಯ ಕಾರು ನೋಡುವುದೇ ಅವರ ಕೆಲಸವಾಯಿತು. ಕಾಫಿ ಬೇಕೇ ಅಂದರೆ ತಲೆ ಆಡಿಸುತ್ತಿದ್ದರು, ಅಷ್ಟೇ. ನಿನ್ನ ಹೆಸರನ್ನಂತೂ ಎತ್ತಲೇ ಇಲ್ಲ. ಅಷ್ಟು ವರ್ಷ ಇತಿಹಾಸದ ಪಾಠ ಮಾಡಿದ ಬಾಯಿ...

ಹೋದ ಶನಿವಾರ ಬೆಳಿಗ್ಗೆ ಊರು ತೋರಿಸೋಣವೆಂದು ಮತ್ರಾ ಬಂದರಿಗೆ ಕರೆದೊಯ್ದೆ. ಇಟಲಿಯಿಂದ ದೊಡ್ಡ ಪ್ರವಾಸಿ ಹಡಗು ಬಂದಿತ್ತು. ಹಳೆ ಪೇಟೆಯ ತುಂಬ ಟೋಪಿ ಹಾಕಿದ ಅಜ್ಜ ಅಜ್ಜಿಯರು. ಲೋಬಾನದ ಅಂಗಡಿಯಲ್ಲಿ ಚೌಕಾಸಿ ಮುಗಿಸಿ ತಿರುಗಿದರೆ ಅಪ್ಪ ಇಲ್ಲ. ಮೊಬೈಲನ್ನು ಕಾರಿನಲ್ಲೇ ಬಿಟ್ಟಿದ್ದರು. ಮೀನು ಮಾರುಕಟ್ಟೆಯವರೆಗೂ ಓಡಿದೆ. ನಿನಗೇನು ಉತ್ತರ ಹೇಳಲಿ ಎಂಬುದೊಂದೇ ತಲೆಯಲ್ಲಿ.

ಒಂದು ಗಂಟೆ ಕಳೆದ ಮೇಲೆ ಬಂದರಿನ ಗೇಟಿನಿಂದ ಫೋನು ಬಂತು. ಅವರ ಜೇಬಿನಲ್ಲಿ ನಾನು ನನ್ನ ನಂಬರು ಬರೆದು ಇಟ್ಟಿದ್ದ ಚೀಟಿ ಕಾವಲಿನವರಿಗೆ ಸಿಕ್ಕಿತ್ತು. ನಿನ್ನ ಗಂಡ ಹಳದಿ ಕೊಡೆಯ ಗೈಡಿನ ಹಿಂದೆ ಹೊರಟು, ಇಟಾಲಿಯನ್ನರ ಜೊತೆ ಊರೆಲ್ಲ ಸುತ್ತಿ, ಅವರ ಬಸ್ಸನ್ನೂ ಹತ್ತಿದ್ದರು. ಗೇಟಿನಲ್ಲಿ ಹಡಗಿನ ಕಾರ್ಡು ಕೇಳಿದರೆ ಪಿಂಚಣಿದಾರರ ಗುರುತಿನ ಚೀಟಿ ತೋರಿಸಿದ್ದರು.

“ಆ ಗೈಡ್ ಹೇಳಿದ್ದು ಒಂದು ಪದ ಆದ್ರೂ ಅರ್ಥ ಆಯ್ತಾ, ಅಪ್ಪ?” ಅಂದೆ.

“ಸರಿಯಾಗೇ ಹೇಳ್ದ. ಪೋರ್ಚುಗೀಸರ ಕೋಟೆ ಕಥೆಗೆ ಬಂದಾಗ ಮಾತ್ರ ಸ್ವಲ್ಪ ಅವಸರ ಮಾಡ್ದ.”

ಬಸ್ಸು ಹೋಗಿಯಾಗಿತ್ತು. ಜಿನೋವಾದ ಅಜ್ಜಿಯೊಬ್ಬರು ಮಾತ್ರ ಇವರನ್ನು ಬಿಟ್ಟು ಹೋಗಲೊಪ್ಪದೆ ಇಳಿದು, ಪಕ್ಕದಲ್ಲಿ ಕೂತು, ನಾನು ಕಟ್ಟಿಕೊಟ್ಟಿದ್ದ ಕೋಡುಬಳೆ ತಿನ್ನುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಖಾರ ಹತ್ತಿರಬೇಕೆಂದು ನೀರು ಕೊಟ್ಟೆ.

ಖಾರವಲ್ಲವೆಂದು ಕಾರಿನಲ್ಲಿ ಅಪ್ಪ ಹೇಳಿದರು. ಆಕೆ ತನ್ನ ಮದುವೆಯ ಉಂಗುರ ಮುಟ್ಟಿ ತೋರಿಸಿ, ಹೆಂಡತಿ ಎಲ್ಲಿ ಎಂದು ಸನ್ನೆ ಮಾಡಿದರಂತೆ. ಇವರು ನಿನ್ನ ಕಥೆಯನ್ನೆಲ್ಲ ಕನ್ನಡದಲ್ಲೇ ಹೇಳಿದರಂತೆ. ಆಕೆ ತನ್ನ ಗಂಡನ ಕಥೆಯನ್ನು ಇಟಾಲಿಯನ್ನಿನಲ್ಲಿ ಹೇಳಿದರಂತೆ. ಇಬ್ಬರಿಗೂ ಎಲ್ಲ ತಿಳಿಯಿತಂತೆ. ನಂಬುತ್ತೀಯಾ?

ಅವತ್ತಿನಿಂದ ಮಾತು ನಿಂತಿಲ್ಲ, ಎಲ್ಲ ನಿನ್ನದೇ. ಹೆಣ್ಣು ಕೇಳಲು ಬಂದ ಅವರನ್ನು ನೀನು ಎರಡು ಸಲ ಬೇಡವೆಂದು ವಾಪಸು ಕಳಿಸಿದ್ದೆಯಂತೆ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ನಿನ್ನ ಹೆಸರು ಹಿಡಿದೇ, “ಮೂರನೇ ಸಲ ಯಾಕೆ ಒಪ್ಪಿದ್ಲೋ, ಲಲಿತನ್ನ ಕೇಳೋಕೇ ಧೈರ್ಯ ಬರ್ಲಿಲ್ಲ ನಂಗೆ,” ಅಂದರು.

ನಾನೂ ಕೇಳುವುದಿಲ್ಲ. ಒಪ್ಪಿದ್ದು ಒಳ್ಳೆಯದಾಯಿತು, ಅಮ್ಮ.

ನಿನ್ನ
ಸುಮಾ