ಬಸ್ಸಿನಲ್ಲಿ ಕಲಿತ ಅಧ್ಯಕ್ಷಗಿರಿ

ಮಾರ್ಚ್ 4, ಸೋಮವಾರ. ಬೆಳಿಗ್ಗೆ, ಬಸ್ಸಿನಲ್ಲಿ

ಇವತ್ತೂ ಕಿಟಕಿ ಪಕ್ಕದ ಸೀಟು. ಇಯರ್‌ಫೋನಿನ ಎಡಗಡೆಯದು ಸತ್ತಿದೆ. ಬಲಗಿವಿಯಲ್ಲೇ ಪಾಠ. ಮಗಳು ಮಿಲಾಗ್ರೋಸ್ ಫೋನಿಗೆ ಮೂರು ಪಾಡ್‌ಕಾಸ್ಟ್ ಹಾಕಿಕೊಟ್ಟಿದ್ದಾಳೆ. "ಅಮ್ಮಾ, ಫ್ಯಾಕ್ಟರಿ ಅಧ್ಯಕ್ಷೆ ಆಗಿದೀಯ. ಕಲಿಯೋದು ಬೇಡ್ವಾ? ಹೇಗೂ ಬಸ್ಸಲ್ಲಿ ತೂಕಡಿಸ್ತೀಯ, ಇದನ್ನ ಕೇಳು."

ಮೊದಲನೆಯದು 'ದೊಡ್ಡ ಹೆಜ್ಜೆ'. ನಡೆಸುವವನು ಮಾತಾಡುವುದಿಲ್ಲ, ಅರಚುತ್ತಾನೆ. ನಸುಕಿನಲ್ಲೆದ್ದು ತಣ್ಣೀರು ಸ್ನಾನ ಮಾಡಿದರೆ ಒಡೆಯನಾಗಬಹುದಂತೆ. ಆಯುಷ್ಯವಿಡೀ ನಸುಕಿನಲ್ಲೇ ಎದ್ದಿದ್ದೇನೆ, ಗ್ಯಾಸ್ ಮುಗಿದಾಗ ತಣ್ಣೀರೂ ಸುರಿದುಕೊಂಡಿದ್ದೇನೆ. ಸಿಕ್ಕಿದ್ದು ಬಿಸ್ಕತ್ತು ಪ್ಯಾಕಿಂಗ್ ಕೆಲಸ. ಅಳಿಸಿಹಾಕಿದೆ.

ಎರಡನೆಯದು 'ಮೇಜಿನ ಈಚೆ'. ಉರುಗ್ವೆಯ ಮಾಂಟೆವಿಡಿಯೊದ ಹೆಂಗಸು, ಮೆಲುದನಿ. ಹತ್ತು ಜನರನ್ನು ನಡೆಸುವವರನ್ನು ಕರೆದು ಮಾತಾಡಿಸುತ್ತಾಳೆ. ಮುಂದಾಳು ಎಲ್ಲರಿಗಿಂತ ಕೊನೆಗೆ ಬಾಯಿ ಬಿಡಬೇಕಂತೆ. ಮೊದಲೇ ಬಿಟ್ಟರೆ ಮಿಕ್ಕವರು ತಲೆಯಾಡಿಸುತ್ತಾರೆ, ಅಷ್ಟೆ. ಯೋಚಿಸುತ್ತ ಕೂತಿರುವಾಗಲೇ ನನ್ನ ಸ್ಟಾಪ್ ದಾಟಿಹೋಯಿತು...

ಅದೇ ದಿನ, ಸಂಜೆ

ಪ್ಯಾಕಿಂಗ್ ಬೆಲ್ಟಿನ ಹತ್ತಿರ ಜೊತೆಗಾತಿ ಸುನಿಲ್ದಾ ಎಲ್ಲರಿಗೂ ಕೇಳುವಂತೆ: "ಏನೇ ಇರ್ಮಾ, ದಣಿ ಬೀಗ ಹಾಕ್ಕೊಂಡು ಓಡಿಹೋದ ಅಂದ್ಕೊಂಡಿದ್ವಿ. ನಿನ್ನ ಕಿವಿಯೊಳಗೇ ಕೂತಿದ್ದಾನಲ್ಲೇ!"

ಎಲ್ಲರೂ ನಕ್ಕರು. ನಾನೂ. ಒಲೆ ವಿಭಾಗದ ರೋಹೆಲ್ಯೊ ಮಾತ್ರ ನಗಲಿಲ್ಲ. ದಣಿ ಗೇಟು ಮುಚ್ಚಿದಾಗ ನಮ್ಮನ್ನೆಲ್ಲ ಕೂಡಿಸಿ, ಯಂತ್ರಗಳನ್ನು ಸಾಗಿಸಲು ಬಿಡದೆ ಕಾವಲು ಕೂತವನು. ಅವನಿಲ್ಲದಿದ್ದರೆ ಈ ಸಹಕಾರ ಸಂಘವೇ ಇಲ್ಲ. ಆದರೂ ಚುನಾವಣೆಯಲ್ಲಿ ಗೆದ್ದದ್ದು ನಾನು. ಅವನಿಗಿಂತ ನನಗೇ ಹೆಚ್ಚು ಆಶ್ಚರ್ಯ.

"ಅವೆಲ್ಲ ದಣಿಗಳ ಪಾಠ. ದಣಿಯಾಗೋರಿಗೆ" ಎಂದು ಹೇಳಿ ಒಲೆಯ ಕಡೆ ಹೋದ.

ಮಾರ್ಚ್ 13, ಬುಧವಾರ

ಬ್ಯೂನಸ್ ಐರಿಸ್‌ನಿಂದ ಫೋನು. ಸೂಪರ್‌ಮಾರ್ಕೆಟ್ ಕಂಪನಿ, ನಾಡಿನ ತುಂಬ ಅಂಗಡಿಗಳು. ನಮ್ಮ ಬಿಸ್ಕತ್ತು ಇಷ್ಟವಾಗಿದೆ, ಎರಡನೇ ಬೆಲ್ಟೂ ಓಡಿಸುವಷ್ಟು ಆರ್ಡರ್ ಕೊಡುತ್ತಾರಂತೆ. ಆದರೆ ಪೊಟ್ಟಣ ಅವರದು, ಹೆಸರೂ ಅವರದು. ಕಲಾಂದ್ರಿಯಾ ಎಂಬ ನಮ್ಮ ಹೆಸರು, ಆ ಹೆಸರಿನ ಹಕ್ಕಿಯ ಚಿತ್ರ — ಎಲ್ಲೂ ಇರಕೂಡದು.

ಈಗಿನ ಮಾರಾಟದಲ್ಲಿ ಜೂನಿಗೆ ಬರುವ ಚಳಿಗಾಲ ದಾಟುವುದು ಕಷ್ಟ. ಶುಕ್ರವಾರ ಸಭೆ ಕರೆದೆ.

ಮಾರ್ಚ್ 15, ಶುಕ್ರವಾರ

ಸಭೆ ಹಾಳಾಯಿತು.

ಕೊನೆಗೆ ಮಾತಾಡೋಣ ಎಂದು ತುಟಿ ಹೊಲಿದುಕೊಂಡು ಕೂತೆ. ರೋಹೆಲ್ಯೊ ಎದ್ದ. "ಹೆಸರು ಮಾರ್ಕೊಳ್ಳೋಕಾ ಗೇಟ್ ಮುಂದೆ ಮಲಗಿದ್ದು?"

ಸುನಿಲ್ದಾ: "ಹೆಸರನ್ನ ಕುದಿಸಿ ಮಕ್ಕಳಿಗೆ ಕುಡಿಸ್ಲಾ?"

ಅಲ್ಲಿಂದ ಮುಂದೆ ಯಾರು ಯಾರಿಗೆ ಏನಂದರೋ. ನಾನು ಸುಮ್ಮನೆ. ಕುರ್ಚಿ ಬಿತ್ತು. ಆಗಲೂ ಸುಮ್ಮನೆ. ಕೊನೆಗೆ ಯಾರೋ ಕೂಗಿದರು: "ಅಧ್ಯಕ್ಷೆ ಬದುಕಿದ್ದಾಳಾ ನೋಡ್ರೋ!" ನನ್ನ ಸರದಿ ಬರುವಷ್ಟರಲ್ಲಿ ಅರ್ಧ ಜನ ಮನೆಗೆ ಹೋಗಿದ್ದರು. ಮತವೇ ಆಗಲಿಲ್ಲ.

ಮಾಂಟೆವಿಡಿಯೊದ ಅಮ್ಮಣ್ಣಿ, ನಿನ್ನ ಮೇಜಿನ ಸುತ್ತ ನಮ್ಮಂಥವರು ಕೂತಿಲ್ಲ!

ಮಾರ್ಚ್ 16, ಶನಿವಾರ

ಬಟ್ಟೆ ಒಗೆಯುತ್ತ ಮೂರನೆಯದನ್ನು ಹಾಕಿದೆ. 'ಎದುರು ಗಾಳಿ'. ಇಲ್ಲಿಗೆ ಬರುವವರು ಗೆದ್ದವರಲ್ಲ, ಮುಳುಗಿದವರು. ಪರಾಗ್ವೆಯ ಒಬ್ಬ ಚಪ್ಪಲಿ ತಯಾರಕ. ಅಂಗಡಿ, ಪಾಲುದಾರ, ಎರಡನ್ನೂ ಕಳೆದುಕೊಂಡವನು. ಹೇಳಿದ: "ನಾನು ಸುಮ್ಮನಿರುತ್ತಿದ್ದೆ. ಅದನ್ನೇ ಕೇಳಿಸಿಕೊಳ್ಳುವುದು ಅಂದುಕೊಂಡಿದ್ದೆ. ನನ್ನೆದುರು ನಿಂತವನನ್ನು, ನಿನಗೇನು ಭಯ ಅಂತ ಒಂದು ಸಲವೂ ಕೇಳಲಿಲ್ಲ."

ಸೋಪಿನ ಕೈಯಲ್ಲೇ ಫೋನು ಹಿಡಿದು ಮತ್ತೆ ಕೇಳಿದೆ.

ಮಾರ್ಚ್ 17, ಭಾನುವಾರ

ರೋಹೆಲ್ಯೊನ ಮನೆಗೆ ಹೋದೆ. ಹಿತ್ತಲಲ್ಲಿ ಕೆಂಡದ ಮೇಲೆ ಮಾಂಸ ಸುಡುತ್ತಿದ್ದ.

"ಏನು, ಕಿವಿಯೊಳಗಿನೋರು ಕಳಿಸಿದ್ರಾ?"

"ಹೂಂ" ಎಂದೆ. ಸುಳ್ಳೇಕೆ?

ನಗಬಾರದೆಂದುಕೊಂಡಿದ್ದ, ನಕ್ಕುಬಿಟ್ಟ. ಕುರ್ಚಿ ಎಳೆದು ಹಾಕಿದ.

"ಈ ಆರ್ಡರಲ್ಲಿ ನಿಂಗೇನು ಭಯ, ರೋಹೆಲ್ಯೊ?"

ಮಾಂಸ ಮಗುಚಿದ. ಉಪ್ಪು ಹಾಕಿದ. ಆಮೇಲೆ — "ನಾಳೆ ಆ ಕಂಪನಿಯೋರಿಗೆ ಬೇರೆ ಯಾರೋ ಸಿಗ್ತಾರೆ. ಎದ್ದು ಹೋಗ್ತಾರೆ. ಅಷ್ಟರಲ್ಲಿ ಜನ ನಮ್ಮನ್ನ ಮರೆತಿರ್ತಾರೆ. ಚಳೀಲಿ ಗೇಟ್ ಕಾಯುವಾಗ ಬೀದಿ ಮುದುಕಿಯರು ಸೂಪ್ ತಂದು ಕೊಡ್ತಿದ್ರಲ್ಲ, ಯಾಕೆ? ನಮ್ಮ ಮುಖ ನೋಡಿ ಅಲ್ಲ. ಚಿಕ್ಕಂದಿನಿಂದ ಕಲಾಂದ್ರಿಯಾ ತಿಂದಿದ್ರು, ಅದಕ್ಕೆ."

ಅವನು ಹೇಳಿದ್ದು ನಿಜ. ಹಟ ಎಂದುಕೊಂಡಿದ್ದೆ ಇಷ್ಟು ದಿನ.

"ಇದನ್ನ ಅವರೆದುರಿಗೇ ಹೇಳು. ನನ್ನ ಜೊತೆ ಬ್ಯೂನಸ್ ಐರಿಸ್‌ಗೆ ಬಾ."

"ನಾನಾ? ಬೈದುಬಿಡ್ತೀನಿ ಕಣೇ."

"ಬೈಯೋ ಹಾಗೆ ಕಂಡ್ರೆ ಕಾಲು ತುಳೀತೀನಿ."

ಮಾಂಸ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಏಪ್ರಿಲ್ 9, ಮಂಗಳವಾರ. ವಾಪಸ್ ಬಸ್ಸಿನಲ್ಲಿ

ಊರು ಮುಟ್ಟುವುದರೊಳಗೆ ಬರೆದಿಡಬೇಕು.

ಎಚಾರ್ ಎಂಬಾತ, ಕಂಪನಿಯ ಖರೀದಿ ಮುಖ್ಯಸ್ಥ. ತುಂಬ ಸಭ್ಯ. ಕಾಫಿ ಕೊಟ್ಟ, ಜೊತೆಗೆ ಬೇರೆ ಯಾರದೋ ಬಿಸ್ಕತ್ತು. ರೋಹೆಲ್ಯೊ ಅದನ್ನು ಮುರಿದು, ಮೂಸಿ, ತಟ್ಟೆಯಲ್ಲೇ ಬಿಟ್ಟ. ಸೂಪಿನ ಕಥೆ ಹೇಳಿದ. ಬೈಯಲಿಲ್ಲ, ದನಿಯೂ ಏರಲಿಲ್ಲ. ಎಚಾರ್ ತಲೆದೂಗಿದ, "ಆದರೆ ಸೆನ್ಯೋರಾ, ಪೊಟ್ಟಣದಲ್ಲಿ ಜಾಗ ಇಲ್ಲ" ಎಂದು ನನ್ನತ್ತ ತಿರುಗಿದ.

ಕೇಳಿದೆ: "ನಮ್ಮ ಹೆಸರಿದ್ರೆ ನಿಮಗೇನು ನಷ್ಟ ಆಗುತ್ತೆ ಅನ್ನೋ ಭಯ?"

ಎಚಾರ್ ಪೆನ್ನು ತಿರುಗಿಸಿದ. ಎಸಿ ಗುಂಯ್‌ಗುಟ್ಟಿತು. ರೋಹೆಲ್ಯೊ ಬಾಯಿ ತೆರೆದ — ತುಳಿದೆ.

"...ನಷ್ಟ ಅಂತೇನೂ ಇಲ್ಲ" ಎಂದ ಎಚಾರ್. ಈವರೆಗೆ ಯಾರೂ ಕೇಳಿಯೇ ಇರಲಿಲ್ಲವಂತೆ! ಹೊರಗೆ ಹೋದ, ಫೋನಿನಲ್ಲಿ ಮಾತಾಡಿ ಬಂದ. ಹಿಂಬದಿಯಲ್ಲಿ ಒಂದು ಸಾಲು ಕೊಡುತ್ತೇನೆ ಎಂದ. "ಮುಂಬದೀಲಿ" ಎಂದೆವು. ಇಬ್ಬರೂ ಒಟ್ಟಿಗೆ, ಮಾತಾಡಿಕೊಂಡಿರದೆ.

ಒಪ್ಪಿದ. ಮುಂಬದಿಯಲ್ಲೇ. ಕೆಳಮೂಲೆಯಲ್ಲಿ, ಹಕ್ಕಿಯ ಸಮೇತ.

ರೋಹೆಲ್ಯೊ ಪಕ್ಕದಲ್ಲಿ ಬೂಟು ಬಿಚ್ಚಿ ಹೆಬ್ಬೆರಳು ತಿಕ್ಕಿಕೊಳ್ಳುತ್ತಿದ್ದಾನೆ. ಈಗ ತಾನೇ ಕೇಳಿದ: "ಆ ಉರುಗ್ವೆ ಹೆಂಗಸಿಂದು ಒಂದು ಹಾಕು, ನೋಡೋಣ." ಇಯರ್‌ಫೋನಿನ ಸರಿಯಿರುವ ಒಂದೇ ಕಿವಿಯನ್ನು ಅವನಿಗೆ ಕೊಟ್ಟಿದ್ದೇನೆ. ನನಗೆ ಕಿಟಕಿ ಸಾಕು. ಸೋಯಾ ಹೊಲಗಳೂ ಇವತ್ತು ಚೆಂದ.

ಏಪ್ರಿಲ್ 12, ಶುಕ್ರವಾರ

ಸಭೆ. ಈ ಸಲ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದೆ, ನಿಂಗೇನು ಭಯ, ನಿಂಗೇನು ಬೇಕು ಅಂತ. ಸುನಿಲ್ದಾ ಮಗಳ ಓದಿನ ಮಾತು ತೆಗೆದು ಅತ್ತಳು. ಅವಳು ಅತ್ತದ್ದನ್ನು ಈವರೆಗೆ ಯಾರೂ ನೋಡಿರಲಿಲ್ಲ. ಬ್ಯೂನಸ್ ಐರಿಸ್‌ನ ವಿಷಯ ರೋಹೆಲ್ಯೊನೇ ಹೇಳಲಿ ಎಂದು ಬಿಟ್ಟೆ. ಹೇಳಿದ. ಹಕ್ಕಿಯ ಗಾತ್ರವನ್ನು ಕೊಂಚ ಹಿಗ್ಗಿಸಿಯೇ ಹೇಳಿದ.

ಎಲ್ಲ ಕೈಗಳೂ ಮೇಲೆ.

ಜೂನ್ 20, ಗುರುವಾರ. ಧ್ವಜದ ದಿನ

ಎಷ್ಟು ದಿನವಾಯಿತು ಬರೆದು! ಎರಡೂ ಬೆಲ್ಟು ಓಡುತ್ತಿವೆ. ಮಾವನ ವರ್ಷದ ನೆನಪಿನ ಪ್ರಾರ್ಥನೆಗೂ ತಡವಾಗಿ ಹೋದೆ.

ಈಗ ಗುರುವಾರಗಳಂದು ಕೆಲಸಕ್ಕೆ ಮುಂಚೆ ಸ್ಪೀಕರ್ ಹಾಕಿ ಎಲ್ಲರೂ ಒಟ್ಟಿಗೆ ಕೇಳುತ್ತೇವೆ. ಸುನಿಲ್ದಾ ಸ್ಪೀಕರಿನ ಜೊತೆ ಜಗಳವಾಡುತ್ತಾಳೆ: "ನಿನ್ನ ಕಂಪನೀಲಿ ಒಂದಿನ ನಂಗೆ ಬಿಡು, ತೋರಿಸ್ತೀನಿ!" ಮುಗಿದ ಮೇಲೆ, ಯಾವುದು ನಮಗೆ ಆಗಿಬರುತ್ತದೆ, ಯಾವುದು ಬರೀ ಗಾಳಿ ಎಂದು ಚರ್ಚೆ. ಬಿಸ್ಕತ್ತು ಆರಿಸುವ ಹಾಗೆ ಆರಿಸುತ್ತೇವೆ.

ಇವತ್ತು ರಜೆ. ಮಿಲಾಗ್ರೋಸ್ ಜೊತೆ ಸೂಪರ್‌ಮಾರ್ಕೆಟ್ಟಿಗೆ ಹೋದೆ. ಕಪಾಟಿನಲ್ಲಿತ್ತು. ಹಕ್ಕಿ ಉಗುರಿನಷ್ಟೇ ದೊಡ್ಡದು, ಆದರೆ ಇದೆ. ಪಕ್ಕದಲ್ಲಿ ನಿಂತ ಗುರುತಿಲ್ಲದ ಗಂಡಸಿಗೆ ತೋರಿಸಿ, "ಇದು ನಾವು ಮಾಡಿದ್ದು" ಎಂದೆ. ಆತ ಗಾಬರಿಯಾಗಿ ಎರಡು ಪೊಟ್ಟಣ ತೆಗೆದುಕೊಂಡ. ಮಗಳು ನಾಚಿ ಮುಖ ಮುಚ್ಚಿಕೊಂಡಳು. ಆಮೇಲೆ ನನ್ನ ತೋಳು ಹಿಡಿದೇ ಮನೆವರೆಗೂ ನಡೆದಳು.

ಆಗಸ್ಟ್ 5, ಸೋಮವಾರ

ಸಾಂತಾ ಫೆಯಿಂದ ಫೋನು. ನೂಲಿನ ಗಿರಣಿ. ಅವರ ದಣಿಯೂ ಬೀಗ ಹಾಕಿಕೊಂಡು ಹೋಗಿದ್ದಾನೆ. ಕೆಲಸದವರು ಒಳಗೇ ಕೂತಿದ್ದಾರೆ. ನಿನ್ನೆ ದೆಲ್ಮಿರಾ ಎಂಬುವಳನ್ನು ಅಧ್ಯಕ್ಷೆಯಾಗಿ ಆರಿಸಿದ್ದಾರೆ. ಫೋನು ಮಾಡಿದ್ದು ಅವಳೇ, ಚಿಕ್ಕವಯಸ್ಸಿನ ದನಿ.

"ಅಕ್ಕಾ, ನೀವೆಲ್ಲ ಅದೇನೋ ಕೇಳ್ತೀರಂತಲ್ಲ, ಫೋನಲ್ಲಿ. ಯಾವ್ಯಾವುದು ಅಂತ ಹೇಳ್ತೀರಾ? ನಂಗೇನೂ ಗೊತ್ತಿಲ್ಲ."

ಅವಳಿಗೆ ಕಳಿಸಲು ಬರೆಯತೊಡಗಿದೆ: 'ಮೇಜಿನ ಈಚೆ' — ಎಲ್ಲವನ್ನೂ ಕೇಳು, ಎಲ್ಲವನ್ನೂ ನಂಬಬೇಡ. 'ಎದುರು ಗಾಳಿ', ಪರಾಗ್ವೆಯ ಚಪ್ಪಲಿಯವನದು, ಎರಡು ಸಲ. ಅರಚುವವರು ಸಿಕ್ಕರೆ...

ಹೊರಗೆ ಹಾರ್ನ್. ರೋಹೆಲ್ಯೊ ವ್ಯಾನಿಗೆ ಕಂಬಳಿ, ಬಿಸ್ಕತ್ತಿನ ಡಬ್ಬಗಳನ್ನು ತುಂಬಿದ್ದಾನೆ. ಸುನಿಲ್ದಾ ಮುಂದಿನ ಸೀಟು ಹಿಡಿದಾಗಿದೆ. "ಬರ್ದದ್ದು ಸಾಕು ಅಧ್ಯಕ್ಷಮ್ಮ, ಅಲ್ಲಿಗೇ ಹೋಗಿ ಬಾಯಲ್ಲೇ ಹೇಳು, ಹತ್ತೇ!"

ಸರಿ. ಹೇಳುವುದು ಆಮೇಲೆ. ಮೊದಲು ದೆಲ್ಮಿರಾಳ ಪಕ್ಕ ಕೂತು ಕೇಳಬೇಕು, ನಿಂಗೇನು —