ಜೀನಿನ ಆರನೇ ರಿಂಗು

ಮಾರ್ಚ್ 3, ಬೆಳಿಗ್ಗೆ 11
ಕುದುರೆ ದಳದ ಹಳೇ ಜೀನು ಮ್ಯೂಸಿಯಂ ಉಗ್ರಾಣದಿಂದ ನನ್ನ ಮೇಜಿಗೆ ಬಂತು. ಕಾಲಿಡುವ ರಿಕಾಪು, ಬಕಲು, ಹಿಂಬದಿಗೆ ಸಾಮಾನು ಕಟ್ಟುವ ಆರು ಹಿತ್ತಾಳೆ ರಿಂಗು. ಒರೆಸಿ ಅಳತೆ ಬರೆಯಬೇಕು. ಐದಕ್ಕೆ ಒಂದೇ ಅಳತೆ. ಆರನೆಯದು ಅರ್ಧ ಮಿಲಿಮೀಟರ್ ದೊಡ್ಡದು... ಯಾರೋ ಬದಲಾಯಿಸಿದ್ದಾರೆ. ಬೀಗದ ಕೈ ಇರೋದು ಉಗ್ರಾಣ ನೋಡಿಕೊಳ್ಳುವವರ ಹತ್ತಿರ ಮಾತ್ರ.

ಮಾರ್ಚ್ 4
ಉಗ್ರಾಣದವರು ಎರಡು ಸಲ ಬಂದು ಇಣುಕಿದರು.
"ಏನಮ್ಮಾ, ಒಂದೇ ಜೀನಿಗೆ ಎರಡು ದಿನಾನಾ?"
ಹಲ್ಲು ಕಿರಿದರು ಬೇರೆ. ಇಷ್ಟು ವರ್ಷ ಇಲ್ಲದ ಆಸಕ್ತಿ ಈಗ್ಯಾಕೆ? ನನ್ನ ಕಣ್ಣಿಗೆ ಮಣ್ಣೆರಚೋದು ಅಷ್ಟು ಸುಲಭ ಅಲ್ಲ.

ಮಾರ್ಚ್ 6
ಮ್ಯೂಸಿಯಂ ಮುಖ್ಯಸ್ಥೆ ಮೇಡಂ ಒಪ್ಪಿಗೆ ಪಡೆದು ಆರನೆಯದನ್ನು ಅಣ್ಣನಿಗೆ ತೋರಿಸಿದೆ. ಎರಕದ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಹೋದ ವರ್ಷ ಆರೂ ರಿಂಗು ಪಾಲಿಶ್‌ಗೆ ಹೋಗಿದ್ದೂ ಅವನ ಹತ್ತಿರವೇ — ನಾನೇ ಕೊಡಿಸಿದ ಕೆಲಸ.
"ಇದೇ ನಕಲಿ ಕಣೇ. ಕೊಯ್ದು ನೋಡೋಣ."
ಕೊಯ್ದ. ಒಳಗೆ ಹೊಸ ಹಿತ್ತಾಳೆಯ ಹಳದಿ. ತುಂಡೆರಡನ್ನೂ ಪೊಟ್ಟಣ ಕಟ್ಟಿ ತಂದೆ.

ಮಾರ್ಚ್ 7
ಪೊಟ್ಟಣ ಮೇಡಂ ಮುಂದೆ ಬಿಚ್ಚಿದೆ. ಉಗ್ರಾಣದವರನ್ನು ಅಲ್ಲೇ ಕೆಲಸದಿಂದ ನಿಲ್ಲಿಸಿದರು. ನಿವೃತ್ತಿಗೆ ನಾಲ್ಕೇ ತಿಂಗಳು ಇತ್ತು. ಬೀಗದ ಕೈ ಮೇಜಿನ ಮೇಲಿಟ್ಟು ಹೋದರು, ನನ್ನ ಕಡೆ ನೋಡಲಿಲ್ಲ. ಅಯ್ಯೋ ಅನ್ನಿಸಬಾರದು ಅಂತ ಹಲ್ಲು ಕಚ್ಚಿ ನಿಂತಿದ್ದೆ.

ಮಾರ್ಚ್ 19
ಪ್ರದರ್ಶನಕ್ಕೆ ಜೀನಿನ ಬಕಲಿಗೊಂದು ನಕಲು ಬೇಕಿತ್ತು. ಅಣ್ಣ ಎರಕ ಹೊಯ್ದು ಕಳಿಸಿದ. ಅಸಲಿಗಿಂತ ಅರ್ಧ ಮಿಲಿಮೀಟರ್ ಚಿಕ್ಕದು. ಫೋನ್ ಮಾಡಿ ರೇಗಿದೆ.
"ಅಸಲಿಂದ ಅಚ್ಚು ತೆಗೆದ್ರೆ ಹಾಗೇ ಕಣೇ. ಹಿತ್ತಾಳೆ ಆರಿದ್ಮೇಲೆ ಕುಗ್ಗಲ್ವಾ? ನಕಲು ಯಾವತ್ತೂ —"
ತಟ್ಟನೆ ಸುಮ್ಮನಾದ. ಯಾರು ಫೋನ್ ಇಟ್ಟಿದ್ದು ಅಂತ ನೆನಪಿಲ್ಲ.
ನಕಲು ಯಾವತ್ತೂ ಚಿಕ್ಕದು. ಅಂದರೆ ಆ ಐದೂ ನಕಲಿ, ಪಾಲಿಶ್‌ಗೆ ಹೋದಾಗಲೇ ಬದಲಾಗಿದ್ದು. ಕೊಯ್ದಿದ್ದು ಉಳಿದಿದ್ದ ಒಂದೇ ಅಸಲು. ಯಾವ ಹಿತ್ತಾಳೆ ಕೊಯ್ದರೂ ಒಳಗೆ ಹೊಸದಾಗೇ ಕಾಣುತ್ತೆ... ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ ನನಗೆ ಹೊಳೆಯಲಿಲ್ಲ. ಅಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೇ ಗರಗಸ ಇಟ್ಟ.

ಮಾರ್ಚ್ 20, ಸಂಜೆ 5
ಅತ್ತಿಗೆ ಬಂದು ಹೋದರು. ಕಾಫಿ ಮುಟ್ಟಲಿಲ್ಲ. "ಒಡಹುಟ್ಟಿದವರು ಕಣಮ್ಮ" ಅಂದರು, ಅಷ್ಟೇ.

5.40
ಉಗ್ರಾಣದವರಿಗೆ ಫೋನ್ ಮಾಡಿದೆ. ಮೊದಲನೇ ರಿಂಗಿಗೇ ಎತ್ತಿದರು.
"ಹೇಳಮ್ಮಾ. ಯಾರು ತೆಗ್ದಿದ್ದು ಅಂತ ಗೊತ್ತಾಯ್ತಾ?"
ನಾನು ಅಣ್ಣನ ಹೆಸರು ಹೇಳಿದೆ.