ಗುಡ್ಡೆ ಮಣ್ಣು

ನಾರ್ತ್ ಕೆರೊಲಿನಾ
ಮೇ 14, 2023

ಮಗಳೇ ವೆಲ್ಡಾ,

ಮೊದಲು ಹೇಳು, ಮಂಡಿನೋವು ಹೇಗಿದೆ? ಆಮೇಲೆ ಬೈಯುತ್ತೇನೆ.

ನಿನ್ನ ಅಳಿಯ ಕರ್ಟ್‌ನನ್ನು ನಾನು ಅಳಿಸಿದ್ದು ನಿಜ. ಒಳ್ಳೆಯವನೇ. ಓಹಾಯೋದವನು, ಅವನಿಗೇನು ಗೊತ್ತು? ದೋಣಿಯಲ್ಲಿ ಸರೋವರ ದಾಟಿ, ನಮ್ಮವರ ಗೋರಿಗಳ ಗುಡ್ಡೆಗಳನ್ನೆಲ್ಲ ತಟ್ಟಿ ಸಮ ಮಾಡಿ, ಹುಲ್ಲಿನ ಬೀಜ ಚೆಲ್ಲಿ ಬಂದ. ಫೋನಿನಲ್ಲಿ ಚಿತ್ರ ತೋರಿಸಿ, "ನೋಡಿ ಅಜ್ಜಿ, ಪಾರ್ಕ್ ಥರ ಮಾಡ್ಬಿಟ್ಟೆ!" ಎಂದ.

"ಸತ್ತವರ ಮೇಲೆ ಹಸು ಮೇಯಿಸ್ತೀಯೇನೋ?" ಎಂದೆ.

ನಮ್ಮಲ್ಲಿ ಗೋರಿಯ ಮೇಲೆ ಹುಲ್ಲು ಬೆಳೆದರೆ ಹಿಂದೆ ಅಳುವವರು ಯಾರೂ ಉಳಿದಿಲ್ಲವೆಂದೇ ಅರ್ಥ. ವರ್ಷಕ್ಕೊಮ್ಮೆ ಹುಲ್ಲು ಕೆರೆದು, ಮಣ್ಣೇರಿಸಿ, ಹೂವಿಡಬೇಕು. ನಿನ್ನ ಅಣ್ಣ ಡ್ಯೂಯಿ ಅಲ್ಲೇ ಇದ್ದಾನೆ. ತೊಟ್ಟಿಲಿಗೂ ಹಾಕಿರದ ಕೂಸು. ಕಲ್ಲು ಕೆತ್ತಿಸುವ ತ್ರಾಣ ನಮಗಿರಲಿಲ್ಲ, ಗುಡ್ಡೆಯೇ ಗುರುತು. ಈಗ ಅದೂ ಹೋಯಿತು. ಜಾಗ ಗೊತ್ತಿರುವುದು ನನಗೊಬ್ಬಳಿಗೆ. ಬಾಯಲ್ಲಿ ಹೇಳಿದರೆ ತಿಳಿಯದು, ಅಲ್ಲೇ ನಿಂತು ತೋರಿಸಬೇಕು.

ನಾನು ಹುಟ್ಟಿದಾಗ, ಈಗ ಸರೋವರವಾಗಿರುವ ಆ ಕಣಿವೆಯಲ್ಲಿ ಸೀಮೆಎಣ್ಣೆ ದೀಪ. ಯುದ್ಧಕ್ಕೆ ಕರೆಂಟು ಬೇಕೆಂದು ಸರ್ಕಾರ ಅಣೆಕಟ್ಟು ಕಟ್ಟಿ ಮನೆ, ರಸ್ತೆ, ಶಾಲೆ ಎಲ್ಲ ಮುಳುಗಿಸಿತು. ಎತ್ತರದಲ್ಲಿದ್ದ ಗೋರಿಗಳಷ್ಟೇ ಆಚೆ ದಡದಲ್ಲಿ ಉಳಿದವು. ಶಾಲೆಗೆ ನಾನು ಅಳಲಿಲ್ಲ, ನಾಲ್ಕನೆಯ ತರಗತಿಗೇ ಬಿಟ್ಟಿದ್ದೆ. ಅದೇ ಕರೆಂಟಿನಲ್ಲಿ ಬಟ್ಟೆ ಗಿರಣಿಯಲ್ಲಿ ದುಡಿದೆ. ಕರಿಯರಿಗೆ ಬೇರೆ ಬಾಗಿಲಿತ್ತು. ಅದು ಮುಚ್ಚಿ ಎಲ್ಲರೂ ಒಂದೇ ಬಾಗಿಲಲ್ಲಿ ಬಂದೆವು. ಆಮೇಲೆ ಗಿರಣಿಯೇ ಚೀನಾಕ್ಕೆ ಹೋಯಿತು. ಚಂದ್ರನ ಮೇಲೆ ಮನುಷ್ಯ ಓಡಾಡುವುದನ್ನು ಟಿ.ವಿ.ಯಲ್ಲಿ ನೋಡುತ್ತ ಬೀನ್ಸ್ ನಾರು ತೆಗೆದೆ. ಎಲ್ಲಕ್ಕೂ ಒಗ್ಗಿಕೊಂಡೆ. ಗುಡ್ಡೆಯಿಲ್ಲದ ಗೋರಿಗೆ ಒಗ್ಗುವುದಿಲ್ಲ.

"ನೂರು ತುಂಬೋಕೆ ಬಂತು, ನಿಂಗ್ಯಾಕಮ್ಮ ದೋಣಿ?" ಎಂದು ಫೋನ್ ಕುಕ್ಕಿದೆಯಲ್ಲ, ಅದಕ್ಕೇ ಈ ವರ್ಷವೇ ಹೋಗಬೇಕು. ಮುಂದಿನ ವರ್ಷ ತೋರಿಸುವವರು ಯಾರು? ಡಾಕ್ಟರಿಗೆ ನನ್ನ ಸೊಂಟದ ಚಿಂತೆ. ಸೊಂಟ ಅವನದೇ?

ತಿಂಗಳ ಕೊನೆಯ ಭಾನುವಾರ ಗೋರಿಗಳ ಕಡೆಗೆ ದೋಣಿ ಹೊರಡುತ್ತದೆ. ಬಂದು ನನ್ನ ಒಂದು ತೋಳು ಹಿಡಿದುಕೋ. ಕೋಳಿ ನಾನೇ ಹುರಿದು ತರುತ್ತೇನೆ. ನೀನು ಹುರಿದದ್ದು ಗಂಟಲಲ್ಲಿ ಇಳಿಯುವುದಿಲ್ಲ.

ಹೆತ್ತ ತಪ್ಪಿಗೆ ಕಾಯುತ್ತಿರುವ,
ನಿನ್ನ ಅಮ್ಮ ಓರ್ಫಾ

ಇನ್ನೊಂದು ಮಾತು: ನಿನ್ನೆ ಕರ್ಟ್ ಬಂದಿದ್ದ. ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಗುಡ್ಡೆ ಏರಿಸುವುದನ್ನು ಕಲಿಸಿದೆ. ಮೊದಲನೆಯದು ಆಲೂಗಡ್ಡೆ ಪಾತಿಯ ಹಾಗಿತ್ತು, ಬೈದೆ. ಕೂಸಿನ ಅಳತೆಯದು ಚೆನ್ನಾಗಿ ಬಂತು. "ದೊಡ್ಡೋರದ್ದು ಎಷ್ಟುದ್ದ ಅಜ್ಜಿ?" ಎಂದು ಕೇಳಿದ. ಹೇಳಲು ತಿಳಿಯದೆ ನೆಲದ ಮೇಲೆ ಮಲಗಿ ತೋರಿಸಿದೆ. ಪಾಪ, ಸನಿಕೆ ಬಿಸಾಡಿ ಓಡಿ ಬಂದ. ಆಮೇಲೆ ನನ್ನನ್ನು ಎತ್ತಿ ಕೂರಿಸಿ, ಬೆನ್ನಿನ ಮಣ್ಣು ಕೊಡವಿ, "ಅತ್ತೆಗೆ ಹೇಳ್ಬೇಡಿ" ಎಂದ. ಹೇಳಿದ್ದೇನೆ. ಡ್ಯೂಯಿಯ ಎಡಗಡೆ ಜಾಗ ಖಾಲಿ ಇದೆ.